ಹತ್ತು ಆಂಪು

ಒಲೆ ಬೇರೆಯಾಯಿತೆಂದು ಕೋಟಕ್ಕೆ ಫೋನು ಮಾಡಿ ತಿಳಿಸಿದ್ದಾಯಿತು.
ಬೇರೆಯಾಗಲು ಡೊಂಬಿವಲಿಯಲ್ಲಿ
ಇನ್ನೊಂದು ಕೋಣೆ ಎಲ್ಲಿಂದ ತರುವುದು?
ಹಾಲಿನಲ್ಲಿ ಅವರು, ಅಡುಗೆಮನೆಯಲ್ಲಿ ನಾವು,
ನಡುವೆ ಹೂವಿನ ಪರದೆ.

ಸಿಲಿಂಡರಿನ ಪುಸ್ತಕ ಮಾವನ ಹೆಸರಿನಲ್ಲಿ,
ಮಾವ ಗೋಡೆಯ ಮೇಲೆ, ಗಂಧದ ಹಾರದೊಳಗೆ.
ಯಾರದೆಂದು ಇತ್ಯರ್ಥವಾಗದೆ
ಸೀಲು ಒಡೆಯದ ಸಿಲಿಂಡರು ಕಟ್ಟೆಯ ಕೆಳಗೆ ಕೂತಿತು
ಮದುವೆಮನೆಯಲ್ಲಿ ಊಟಕ್ಕೆ ಯಾರೂ ಕರೆಯದ ನೆಂಟನ ಹಾಗೆ.

ನಾನೊಂದು ಇಂಡಕ್ಷನ್ ಒಲೆ ತಂದೆ.
ಮರುದಿನ ಓರಗಿತ್ತಿ ಯಮುನಾ ಒಂದು ತಂದಳು,
ನನ್ನದಕ್ಕಿಂತ ಇನ್ನೂರು ರೂಪಾಯಿ ಹೆಚ್ಚಿನದು.
ಹೊಲಿಗೆ ಮೆಶಿನ್ನಿನ ಮೇಲೆ ಇಟ್ಟಳು.

ಮೊದಲ ಬೆಳಿಗ್ಗೆ, ಐದೂವರೆಗೆ,
ಇಲ್ಲಿ ನನ್ನ ಕುಚ್ಚಲಕ್ಕಿ, ಅಲ್ಲಿ ಅವಳ ಕುಚ್ಚಲಕ್ಕಿ,
ತಲಾ ಎರಡು ಸಾವಿರ ವ್ಯಾಟು.
ನಲವತ್ತು ಎಣಿಸುವುದರೊಳಗೆ ಟಪ್.
ಫ್ಯಾನು ತೂಕಡಿಸಿ ನಿಂತಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟಿತು.
ಅಣ್ಣ ತಮ್ಮ ಇಬ್ಬರೂ ಒಂದೇ ಏಳು ಹದಿನಾಲ್ಕರ ಫಾಸ್ಟಿಗೆ
ಬೇರೆ ಬೇರೆ ಖಾಲಿ ಡಬ್ಬಿ ಹಿಡಿದು ಓಡಿದರು.

ವಯರ್‌ಮನ್ ಖಾಮ್ಕರ್ ಬೋರ್ಡು ಬಿಚ್ಚಿ ಧೂಳು ಊದಿದ.
"ವಹಿನೀ, ಇಷ್ಟಕ್ಕೂ ಒಂದೇ ತಂತಿ. ಹತ್ತು ಆಂಪು.
ಒಂದು ಒಲೆಗೇ ಒಂಬತ್ತು ಹೋಯಿತು, ಉಳಿದದ್ದು ಫ್ರಿಜ್ಜಿಗೆ.
ಎರಡನೆಯ ಒಲೆ ಲೆಕ್ಕದಲ್ಲೇ ಇಲ್ಲ."
"ಇಪ್ಪತ್ತರ ಸ್ವಿಚ್ಚು ಹಾಕಿಬಿಡಿ" ಅಂದರು ಇವರು.
ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಅವನೆಂದ:
"ಹಾಕಬಹುದು. ಇದು ಬಾಯಿ ಮುಚ್ಚುತ್ತದೆ.
ಆಮೇಲೆ ಗೋಡೆ ಮಾತಾಡುತ್ತದೆ."

ಹೊಸ ಲೈನಿಗೆ ಎಂಟು ಸಾವಿರ.
ಪರದೆಯ ಎರಡೂ ಕಡೆಗೆ ಒಮ್ಮೆಲೇ ಏನೇನೋ ಕೆಲಸ ನೆನಪಾಯಿತು.

ಹೀಗೆ ಕಿವಿಯಿಂದ ಅಡುಗೆ ಮಾಡಲು ಕಲಿತೆವು.
ಆರಿಸುವಾಗ ಅವಳ ಒಲೆ ಒಮ್ಮೆ ಪೀಂ ಎನ್ನುತ್ತದೆ, ನನ್ನದು ಎರಡು ಸಲ.
ಅವಳ ಪೀಂ ಕೇಳಿದ ಮೇಲೆ ನನ್ನ ಬೆರಳು.
ಬಂಗುಡೆ ಸಾರಿಗೆ ಅವಳು ಎಷ್ಟು ಹೊತ್ತು ಕೊಡುತ್ತಾಳೆ,
ಬೆಳ್ಳುಳ್ಳಿ ಕೆಂಪಾಗುವವರೆಗೆ ಕಾಯುತ್ತಾಳೋ ಇಲ್ಲವೋ
ಒಂಬತ್ತು ವರ್ಷ ಒಂದೇ ಒಲೆಯ ಮುಂದೆ
ಮೊಣಕೈಗೆ ಮೊಣಕೈ ತಾಗಿ ನಿಂತಾಗ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಪೀಂ ಬರಲೇ ಇಲ್ಲ.
ಏಳಾಯಿತು. ಎಂಟೂ ಆಯಿತು.
ಏನು ಕಲ್ಲು ಬೇಯಿಸುತ್ತಿದ್ದಾಳೋ ಮಹಾರಾಯಿತಿ ಅಂದುಕೊಂಡೆ.
ಅವಳ ಮಗ ಪರದೆಯಲ್ಲಿ ಮುಖವಷ್ಟೇ ತೂರಿಸಿದ:
"ದೊಡ್ಡಮ್ಮ, ನಿಮ್ದ್ ಇನ್ನೂ ಬೆಂದಿಲ್ಯಾ? ಅಮ್ಮ ಕಾಯ್ತಾ ಇತ್."
ಎರಡೂ ಒಲೆ ತಣ್ಣಗಿದ್ದವು,
ಹತ್ತು ಆಂಪೂ ಕೈಕಟ್ಟಿ ಕೂತಿತ್ತು.
ನಗು ಬಂತು, ನಗಲಿಲ್ಲ.
ಆಚೆ ಯಾರೋ ಕೆಮ್ಮಿದ ಹಾಗೆ ಕೇಳಿಸಿತು.

ನಾಲ್ಕು ಸಾವಿರ ಇವರು, ನಾಲ್ಕು ಅವರು.
ಭಾನುವಾರ ಖಾಮ್ಕರ್ ಮೇನು ಇಳಿಸಿ
ಹೊಸ ತಂತಿಗಳನ್ನು ಹಳೆಯದರ ಬಾಲಕ್ಕೆ ಗಂಟು ಹಾಕಿದ.
"ಇದೇ ದಾರಿ ತೋರಿಸಬೇಕು, ಪೈಪಿನೊಳಗೆ ಬೇರೆ ಕಣ್ಣಿಲ್ಲ.
ಒಬ್ಬರು ಈ ತುದಿಯಲ್ಲಿ ಬಿಡಿ, ಒಬ್ಬರು ಆ ತುದಿಯಲ್ಲಿ ಎಳೆಯಿರಿ."
ಗಂಡಸರು ಕೆಳಗೆ ಸೊಸೈಟಿ ಮೀಟಿಂಗಿನಲ್ಲಿದ್ದರು.
ನಾನು ಸ್ಟೂಲು ಹತ್ತಿದೆ. ಅವಳು ಮೆಶಿನ್ನಿನ ಮೇಲೆ ಹತ್ತಿದಳು.

ಹಳೆಯದು ಗೇಣು ಗೇಣಾಗಿ ಹೊರಬಂತು,
ಸಿಪ್ಪೆ ಕರಕಲಾಗಿ, ಮುಟ್ಟಿದಲ್ಲಿ ಉದುರುತ್ತ.
ಪೈಪಿನ ಮೊಣಕೈ ತಿರುವಿನಲ್ಲಿ ಗಂಟು ಸಿಕ್ಕಿಕೊಂಡಿತು.

ನಲವತ್ತು ದಿನದ ಮೇಲೆ ನಾನೇ ಬಾಯಿ ಬಿಟ್ಟೆ.
"ಎಳಿ."
"ಬತ್ತಿಲ್ಲೆ ಅಕ್ಕ. ನೀವ್ ಚೂರ್ ಹಿಂದೆ ಎಳ್ಕಣಿ."
"ಎಳ್ಕಂಡೆ. ಈಗ?"
"ತಡೀನಿ, ಕಣ್ಣಿಗೆ ಸುಣ್ಣ ಬಿತ್ತ್."