ಮಾರಾಟಗಾರ್ತಿ ‘ಸಿ’

ಮೂರು ಚಳಿಗಾಲ ನನ್ನ ಅಂಗಡಿಯೆದುರು ನಿಂತಳು,
ಕೊರಳಲ್ಲಿ ಸ್ಟಾಪ್‌ವಾಚು, ಬೆರಳಿಲ್ಲದ ಕೈಗವಸು,
ಒಂದು ಈರುಳ್ಳಿಯನ್ನೂ ಕೊಳ್ಳದೆ.

ಮೊದಲ ದಿನ, ತೆರಿಗೆಯವಳಿರಬೇಕೆಂದು
ತಕ್ಕಡಿ ಒರೆಸಿಟ್ಟೆ.
ಮರುದಿನ, ಪಾಪ, ಯಾರಿಗೋ ಕಾಯುತ್ತಿದ್ದಾಳೆಂದು
ಚಹಾ ಕೊಟ್ಟೆ.
ಆಮೇಲೆ ಹೆಸರು ಹೇಳಿದಳು: ವಿಲ್ವೆ ಕಾಂಗ್ರೊ.
ತಾರ್ತುವಿನಲ್ಲಿ, ನದಿಯಾಚೆಯ ಗಾಜಿನ ಕಟ್ಟಡದಲ್ಲಿ
ಮಾರ್ಕೆಟಿಂಗ್ ಪ್ರೊಫೆಸರು.
ನಕ್ಷತ್ರಕ್ಕೆ ಇರುತ್ತಾರೆ, ಸತ್ತ ಭಾಷೆಗೆ ಇರುತ್ತಾರೆ,
ಸಂತೆಗೂ ಪ್ರೊಫೆಸರು ಇರುತ್ತಾರೆಂದು
ಅರವತ್ತೊಂದನೆಯ ವಯಸ್ಸಿಗೆ ತಿಳಿಯಿತು ನನಗೆ.

ಅವಳು ಅಳೆಯುವುದು
ಕೈ ಗಾಳಿಯಲ್ಲಿ ನಿಲ್ಲುವ ಹೊತ್ತನ್ನು.
ನಾನು ಹೆಣೆದು ತೂಗುಹಾಕಿದ ಈರುಳ್ಳಿ ಜಡೆಗೂ
ಗಿರಾಕಿ ಚಾಚಿದ ಬೆರಳಿಗೂ ನಡುವೆ
ಗೇಣಗಲ ಜಾಗದಲ್ಲಿ ಏನು ನಡೆಯುತ್ತದೆ?
ಹನ್ನೊಂದು ವರ್ಷದಿಂದ ಅದೊಂದೇ ಪ್ರಶ್ನೆಯಂತೆ.
ನಾಲ್ಕು ಸೆಕೆಂಡಿನೊಳಗೆ ಮುಟ್ಟಿದರೆ ಒಯ್ಯುತ್ತಾರೆ,
ದಾಟಿದರೆ ಇಲ್ಲ.
‘ಮುಟ್ಟಿದರೆ ಅರ್ಧ ಕೊಂಡಂತೆ’ ಎಂದಳು.
ಹಾಗಾದರೆ ಮುಟ್ಟಿದವರೆಲ್ಲ
ಅರ್ಧ ದುಡ್ಡು ಕೊಟ್ಟು ಹೋಗಲಿ, ಎಂದೆ.
ಬರೆದುಕೊಂಡಳು!

ಏಪ್ರಿಲಿನಲ್ಲಿ ಇಪ್ಪತ್ತಮೂರು ವಿದ್ಯಾರ್ಥಿಗಳನ್ನು ಕರೆತಂದಳು.
ರೈಗೊ ಎಂಬ ಉದ್ದ ಹುಡುಗ
‘ನಿಮ್ಮ ಬ್ರ್ಯಾಂಡ್ ಏನು’ ಅಂದ.
ಉಗುರು ತೋರಿಸಿದೆ, ಸಂದಿಯಲ್ಲಿ
ಪೈಪ್ಸಿ ಸರೋವರದ ದಂಡೆಯ ಕರಿಮಣ್ಣು.
ಅವಳು ನಗಲಿಲ್ಲ, ಅವರನ್ನು ನಗಲು ಬಿಡಲೂ ಇಲ್ಲ.
‘ಕೇಳಿದ್ದು ಸಾಕು, ಒಂದು ಗಂಟೆ ಬಾಯಿ ಮುಚ್ಚಿ ನೋಡಿ.’
ಒಬ್ಬಳೇ ಒಬ್ಬಳು, ನೆಗಡಿ ಹಿಡಿದ ಸಣ್ಣ ಹುಡುಗಿ,
ಕಂಡುಹಿಡಿದಳು:
ಬೆಲೆ ಹೇಳುವ ಮೊದಲು
ನಾನು ಗಿರಾಕಿಯ ಬೂಟು ನೋಡುತ್ತೇನೆ.
ಅವಳಿಗೆ ಪೂರ್ತಿ ಅಂಕ ಸಿಕ್ಕಿತಂತೆ.
ನನಗೆ ಅವತ್ತು ಇಡೀ ದಿನ
ಯಾರ ಬೂಟನ್ನೂ ನೋಡಲಾಗಲಿಲ್ಲ, ನಷ್ಟವಾಯಿತು.

ಭಾನುವಾರ ಅವಳು ನಮ್ಮ ಸರೋವರಕ್ಕೇ ಬರುತ್ತಾಳೆ.
ಮೈದುನ ಸವ್ವಾತಿ ನೋಡಿದ್ದಾನೆ,
ಮಂಜುಗಡ್ಡೆಗೆ ತೂತು ಕೊರೆದು
ಬಕೆಟು ಬೋರಲು ಹಾಕಿ ಕೂತಿದ್ದಳಂತೆ, ಸಂಜೆಯವರೆಗೆ.
ಗಾಳದ ಮುಂದೆ ಮೀನು ಎಷ್ಟು ಸೆಕೆಂಡು ನಿಲ್ಲುತ್ತದೆ,
ಕೇಳಿದೆ.
‘ಅಲ್ಲಿಗೆ ವಾಚು ಒಯ್ಯುವುದಿಲ್ಲ’ ಎಂದಳು.
ಎರಡು ಗಿರಾಕಿಗಳು ಬಂದುಹೋದ ಮೇಲೆ, ತಾನಾಗಿ:
‘ಗಂಡ ಇದ್ದಾಗ ಇಬ್ಬರೂ ಮಾತಾಡದೆ ಕೂರುತ್ತಿದ್ದೆವು.
ಒಬ್ಬಳೇ ಮಾತಾಡದೆ ಕೂರುವುದು ಬೇರೆ ಕೆಲಸ.’

ಲೇಖನ ಅಚ್ಚಾಯಿತು, ಮೂವತ್ತೆಂಟು ಪುಟ.
ಮೊಮ್ಮಗ ಓದಿ ಹೇಳಿದ:
ಮೀನಿನವನು ‘ಎ’, ಮೊಸರಿನವಳು ‘ಬಿ’,
ನಾನು ‘ಮಾರಾಟಗಾರ್ತಿ ಸಿ’.
ಫೆವ್ರೋನಿಯ ಎಂದು ಅಜ್ಜಿ ಇಟ್ಟ ಹೆಸರು
ಒಂದಕ್ಷರಕ್ಕೆ ಇಳಿದಿತ್ತು, ರಿಯಾಯಿತಿ ದರದಲ್ಲಿ.

ಆ ಶರತ್ಕಾಲ ಬರಿಗೊರಳಲ್ಲಿ ಬಂದಳು.
ಜಡೆ ಹೆಣೆಯುವುದು ಕಲಿಸು, ಎಂದಳು.
ಮಗಳ ತಲೆಗೂ ಹೆಣೆದವಳಲ್ಲವಂತೆ, ಮಗಳೇ ಇಲ್ಲ.
ನಾರು ಜಾರಿತು, ದಪ್ಪದ್ದು ಮೇಲೆ ಸಣ್ಣದ್ದು ಕೆಳಗೆ,
ಕುಡಿದವನು ಮನೆಗೆ ನಡೆದಂತೆ ಸೊಟ್ಟ.
ಆದರೂ ಕೊಕ್ಕೆಗೆ ಹಾಕಿದೆ, ನನ್ನ ಜಡೆಗಳ ನಡುವೆ.
ಅವಳು ಗಲ್ಲಾದ ಹಿಂದೆ ನಿಂತಳು, ನನ್ನ ಏಪ್ರನ್ ತೊಟ್ಟು.

ಮುಟ್ಟಿದವರು ಒಂಬತ್ತು ಜನ,
ಎಲ್ಲರೂ ನಾಲ್ಕರೊಳಗೆ.
ಒಯ್ದವರಿಲ್ಲ.
ಅವಳು ಒಬ್ಬೊಬ್ಬರ ಕೈಯನ್ನೂ
ಉಸಿರು ಹಿಡಿದು ನೋಡುತ್ತಿದ್ದಳು, ಮಗುವಿನಂತೆ.
‘ಏನೋ ತಪ್ಪಿದೆ’ ಎಂದಳು ಕೊನೆಗೆ.
ಜಡೆಯಲ್ಲೋ ಲೇಖನದಲ್ಲೋ, ಹೇಳಲಿಲ್ಲ.

ಅವಳು ಬಸ್ಸಿಗೆ ಹೋದ ಮೇಲೆ
ನನ್ನ ಜೇಬಿನಿಂದ ನನ್ನ ಗಲ್ಲಾಕ್ಕೆ
ಏಳು ಯೂರೋ ಹಾಕಿದೆ.
ಯಾರೋ ಒಯ್ದರೆಂದು ಫೋನು ಮಾಡಿದೆ.
ಎಂಥ ಬೂಟು ಹಾಕಿದ್ದರು, ಎಂದು ಕೇಳಿದಳು.

ಈಗ ಅದು ನನ್ನ ಅಡುಗೆಮನೆಯಲ್ಲಿದೆ.
ಕೆಳಗಿನಿಂದ ಒಂದೊಂದೇ ಕೀಳುತ್ತೇನೆ.
ಇನ್ನು ಮೂರಿವೆ.
ನಿನ್ನೆ ಸಾರಿಗೆ ಬೇಕಿತ್ತು,
ಕೈ ಚಾಚಿ ನಿಂತೆ.
ಎಷ್ಟು ಹೊತ್ತೋ, ಎಣಿಸಲಿಲ್ಲ.