ಮೂರು ದಿನ ಒಗ್ಯಾಣ ಇಲ್ಲ

ಬಾರಕೇರ ನಿಂಬೆವ್ವ ಬುಟ್ಟಿ ಇಳಿಸಿದಳು
ಬೆಟಗೇರಿಯ ನಮ್ಮ ಇಸ್ತ್ರಿ ಅಂಗಡಿ ಮುಂದ.
ಬೇವಿನ ತಪ್ಪಲದಾಗ ಕುಂತಾನ ಜೋಕುಮಾರ,
ಬಾಯಿತುಂಬ ಬೆಣ್ಣಿ,
ಕಣ್ಣು ಮಾತ್ರ ಹಸಿದವನ ಕಣ್ಣು.
ಮರದಾಗ ಜೋಳ ತಂದು ಸುರುವಿದೆ.

ಗಣಪ್ಪ ಕಡುಬು ತಿಂದು ಹೋಗಿ
ಎಲ್ಲಾ ಸುಖಾ ಅಂದನಂತ ಶಿವನ ಮುಂದ.
ಇಂವ ಹಂಗಲ್ಲ.
ಬಿರಿದ ಎರಿಹೊಲ ನೋಡಿದ,
ಖಾಲಿ ಹಗೇವು ಇಣುಕಿದ,
ಕಂಡವರ ಹೆಂಡರನ್ನೂ ನೋಡಿದ.
ಏಳನೇ ದಿನಕ್ಕ ಕೊಂದರು.
ರುಂಡ ಉರುಳಿ ಬಿದ್ದದ್ದು
ನಮ್ಮವರ ಒಗೆಯೋ ಕಲ್ಲಿನ ಬುಡಕ್ಕ.

ಹುಣ್ಣಿವಿಯಿಂದ ಮೂರು ದಿನ
ಕಲ್ಲು ಮುಟ್ಟಬ್ಯಾಡ, ನರಳತಾನ,
ಅಂತಿದ್ದ ನಮ್ಮ ಮಾವ ಫಕ್ಕೀರಪ್ಪ.
ಆ ಕಲ್ಲು ಯಾರದೋ ಕಾಂಪೌಂಡಿನೊಳಗ ಹೋತು.
ನಾ ಮಷೀನಿನ ಪ್ಲಗ್ ಕಿತ್ತಿಟ್ಟೆ.

ಸ್ಟೇಶನ್ ರೋಡಿನ ಲಾಡ್ಜಿನವ ಫೋನ್ ಮಾಡಿದ:
ನಲವತ್ತು ಚಾದರ, ನಾಳೆನೇ ಬೇಕು.
ಆಗಂಗಿಲ್ರೀ, ಸತ್ತಾರ.
ಯಾರು?
ಏನಂತ ಹೇಳಲಿ?
ಮಳಿ ಕೇಳಾಕ ಹೋದಾಂವ ಅಂದೆ.
ಅಂವ ಫೋನ್ ಇಟ್ಟ.

ರಾತ್ರಿ ನಿದ್ದಿ ಹತ್ತಲಿಲ್ಲ.
ಎದ್ದು, ನಾಚಿಕೊಂಡೇ,
ಡ್ರಮ್ಮಿನ ಬಾಯಿಗೆ ಕಿವಿ ಹಚ್ಚಿದೆ.
ಎಲ್ಲೋ ಟಪ್ಪಂತ ಒಂದು ಹನಿ.
ನಳ ಇರಬೇಕು ಅಂದ್ಕೊಂಡೆ.
ನಳ ಬಂದು ಎಂಟು ದಿನ ಆಗಿತ್ತು.