ಹಿಡಿ ಗೂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಲಾಟು ತೂಗಿದ ಮೇಲೆ ಒಂದು ಹಿಡಿ ಪಕ್ಕಕ್ಕೆ ಇಡುತ್ತೇವೆ,
ಮಾರಿದವನದು ಅರ್ಧ, ಕೊಂಡವನದು ಅರ್ಧ.
ಹನ್ನೊಂದು ವರ್ಷದಿಂದ ಹೀಗೇ.
ಚೀಲ ತುಂಬಿದ ದಿನ ಮಾರುತ್ತೇವೆ,
ದುಡ್ಡು ಬ್ಯಾಂಕಿಗೆ, ಪಾಸ್‌ಬುಕ್ಕು ನನ್ನ ಕೈಗೆ.
ಖಜಾಂಚಿ ಅನ್ನುತ್ತಾರೆ ನನ್ನನ್ನು.
ಏಳನೇ ಕ್ಲಾಸಿಗೇ ಬಿಟ್ಟವನು,
ಲೆಕ್ಕ ಮಾತ್ರ ತಪ್ಪಲ್ಲ.

ವರ್ಷಕ್ಕೆ ಒಬ್ಬರನ್ನು ಓದಿಸುತ್ತೇವೆ.
ಒಬ್ಬರಿಗಷ್ಟೇ ಸಾಕಾಗುತ್ತದೆ:
ಯೂನಿವರ್ಸಿಟಿ ಫೀಸು, ಹಾಸ್ಟೆಲು, ಬಸ್ಸು,
ಚಳಿಗೊಂದು ಸ್ವೆಟರು ಬೇಡವೇನ್ರೀ ಅಂತ
ಅಕ್ರಂ ಸಾಬರು ಜಗಳಾಡಿ ಸೇರಿಸಿದ ಮುನ್ನೂರು.

ಈ ಸಲ ಅರ್ಜಿ ಇಪ್ಪತ್ತಾರು.
ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಸಾಲು,
ನಾವು ತುಂಬಾ ಬಡವರು ಸ್ವಾಮಿ.
ರಿಟೈರಾದ ಹೆಡ್‌ಮಾಸ್ತರು ವೆಂಕಟರವಣಪ್ಪ ಕೆಂಪು ಪೆನ್ನಿನಲ್ಲಿ
'ಬಡವರು' ಕೆಳಗೆ ಗೆರೆ ಎಳೆಯುತ್ತಾ ಹೋದರು.
ಸರಿ ಅಂತಲೋ, ತಪ್ಪು ಅಂತಲೋ, ಅವರಿಗೇ ಗೊತ್ತು.

ಮುಬೀನಾಳ ಅರ್ಜಿಯಲ್ಲಿ ಆ ಸಾಲಿರಲಿಲ್ಲ.
ಮಾರ್ಕು ಇತ್ತು. ಅಮ್ಮ ಷಾಹೇದಾ ಬೀ
ಯಾರ ಬೇಸಿನ್ನಿನಲ್ಲಿ ನೂಲು ತೆಗೆಯುತ್ತಾಳೆ ಅನ್ನುವುದಿತ್ತು.
ನನ್ನದೇ.
ಹದಿನಾಲ್ಕು ವರ್ಷ ಕುದಿನೀರಿಗೆ ಅದ್ದಿ ಅದ್ದಿ
ಬೆರಳ ತುದಿಯ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತು ಹಿಡಿಯಲ್ಲ.
ಅದು ಅರ್ಜಿಯಲ್ಲಿರಲಿಲ್ಲ.
ನನಗೆ ಗೊತ್ತಿತ್ತು, ಅಷ್ಟೆ.

ಹುಡುಗಿ ಎದುರು ಕೂತಾಗ ನಾನೂ ಒಂದು ಮಾತಾಡಬೇಕಲ್ಲ.
ಚೀಟಿಯಲ್ಲಿ ಬರೆದು ತಂದಿದ್ದೆ:
"ನೋಡಮ್ಮ, ಸಾವಿರ ಗೂಡು ಕುದಿಯುತ್ತೆ,
ಒಂದನ್ನ ಬಿತ್ತನೆಗೆ ಉಳಿಸ್ತೀವಿ.
ಆ ಗೂಡು ನೀನಾಗಬೇಕು. ರೆಕ್ಕೆ ಬಂದು ಹಾರಬೇಕು."
ಮಾಸ್ತರು ತಲೆದೂಗಿದರು.

ಅವಳು ದುಪಟ್ಟ ಬಾಯಿಗೊತ್ತಿಕೊಂಡು ನಕ್ಕಳು.
"ಮಾಮ, ಬಿತ್ತನೆ ಚಿಟ್ಟೆ ಹಾರಲ್ಲ.
ರೆಕ್ಕೆ ಇರುತ್ತೆ, ಹಾರೋದು ಯಾವತ್ತೋ ಮರೆತಿದೆ.
ಮೊಟ್ಟೆ ಇಟ್ಟ ಮೇಲೆ ಅದನ್ನ ಅರೆದು
ಗಾಜಿನ ಮೇಲೆ ಒಂದು ತೊಟ್ಟು ಹಾಕಿ
ಗಂಟುರೋಗ ಇದೆಯಾ ಅಂತ ಮೈಕ್ರೋಸ್ಕೋಪಲ್ಲಿ ನೋಡ್ತಾರೆ.
ತಾಯಿಗೆ ಇದ್ದರೆ ಮೊಟ್ಟೆನೂ ಸುಡ್ತಾರೆ."

ಫ್ಯಾನು ಕಿರ್ ಅನ್ನುತ್ತಿತ್ತು.

"ನನಗೆ ಚಿಟ್ಟೆ ಆಗೋದು ಬೇಡ.
ಮೈಕ್ರೋಸ್ಕೋಪಿನ ಈ ಕಡೆ ಕೂರಬೇಕು.
ಅದಕ್ಕೇ ಮೈಸೂರಲ್ಲಿ ಎಂಎಸ್ಸಿ."

ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಬಂದವನು ಸಾದಲಿಯ ಗವಿರಾಜ.
ಮಾರ್ಕು ಎರಡೇ ಕಮ್ಮಿ. ಕೂರಲಿಲ್ಲ.
"ಯಾರಿಗೆ ಕೊಟ್ಟರೂ ಸರಿ ಸರ್, ಬೇಗ ಹೇಳಿಬಿಡಿ,
ನಾಲ್ಕಕ್ಕೆ ಟಮೋಟ ಲೋಡಿಂಗ್ ಇದೆ."
ಆ 'ಬೇಗ' ಇನ್ನೂ ನನ್ನ ಕಿವಿಯಲ್ಲಿದೆ.

ಕೈ ಎತ್ತಿದೆವು. ಐದರಲ್ಲಿ ಮೂರು ಮುಬೀನಾಳಿಗೆ.
ನಾನು ಎತ್ತಲಿಲ್ಲ.
ನನ್ನ ಬೇಸಿನ್ನಿನವಳ ಮಗಳು, ಜನ ಏನಂದಾರು ಅಂತ.
ಹಾಗಂತ ಮಾಸ್ತರಿಗೆ ಹೇಳಿದೆ.
ನಿಜವೆಂದರೆ, ಮಗಳು ದುಡಿಯುವಂತಾದರೆ
ಅಮ್ಮ ಕುದಿನೀರು ಬಿಟ್ಟಾಳು,
ಅಂಥ ಕೈ ನನಗೆ ಮತ್ತೆ ಸಿಗಲಿಕ್ಕಿಲ್ಲ
ಅನ್ನುವುದೂ ಒಳಗೆಲ್ಲೋ ರಾಟೆಯ ಹಾಗೆ ತಿರುಗುತ್ತಿತ್ತು.
ಲೆಕ್ಕ ತಪ್ಪಲ್ಲ ಅಂದೆನಲ್ಲ.

ಮರುವಾರ ನನ್ನ ಲಾಟಿನಿಂದ ಎರಡು ಹಿಡಿ ತೆಗೆದಿಟ್ಟೆ.
ಎರಡು ಹಿಡಿಗೆ ಇನ್ನೊಬ್ಬ ಓದುವುದಿಲ್ಲ, ಗೊತ್ತು.
ಗವಿರಾಜನ ಅರ್ಜಿ ಪಾಸ್‌ಬುಕ್ಕಿನೊಳಗೇ ಇದೆ,
ಟಮೋಟದ ಕಲೆ ಒಂದು ಮೂಲೆಯಲ್ಲಿ.

ಚೆಕ್ಕು ಕೊಟ್ಟ ದಿನ ರಸೀದಿಗೆ
ಷಾಹೇದಾ ಬೀ ಸೆರಗಿಗೆ ಕೈ ಒರೆಸಿಕೊಂಡು
ಹೆಬ್ಬೆಟ್ಟು ಒತ್ತಿದಳು, ಮತ್ತೆ ಬೇಸಿನ್ನಿಗೆ ಹೋದಳು.
ಬೆಳಕಿಗೆ ಹಿಡಿದು ನೋಡಿದೆ. ಕಣ್ಣ ಹತ್ತಿರ ತಂದೂ ನೋಡಿದೆ.
ಬರೀ ನೀಲಿ.
ಗೆರೆ ಒಂದೂ ಇಲ್ಲ.